ಅವ್ವನ ಬೆನ್ನು

"ಇದು ನನ್ನ ಬೆನ್ನಲ್ಲ ಬಿಡವಾ. ನಮ್ಮವ್ವನ ಬೆನ್ನು."

ಭಾನುವಾರ ಅಕ್ಕ ಹೇಳಿದ ಮಾತಿದು. ಇವತ್ತು ಗುರುವಾರ. ದಾದರ್‌ನಲ್ಲಿ ಲೋಕಲ್ ಹತ್ತುವಾಗಲೂ ಅದೇ ಕಿವಿಯಲ್ಲಿತ್ತು.

ಅಕ್ಕ ವಿಜಯಪುರದ ಕಡೆಯವರು. ವಯಸ್ಸು 50 ದಾಟಿದೆ. ಮುಂಬೈನಲ್ಲಿ ಚಿತ್ರಕಲೆಯ ಹುಡುಗರ ಮುಂದೆ ಮಾಡೆಲ್ ಆಗಿ ಕೂತು ಕೂತೇ ಮಕ್ಕಳನ್ನು ಓದಿಸಿದವರು. ಅಂಥ ಗಟ್ಟಿ ಹೆಂಗಸನ್ನು ನಾನು ಕಂಡಿಲ್ಲ.

ಭಾನುವಾರ ನಾನು ತೆಗೆದದ್ದು ಅವರ ಬರಿ ಬೆನ್ನಿನ ಫೋಟೋ. ನಗ್ನ ಫೋಟೋ ಅಂದರೆ ಜನ ಏನೇನೋ ಊಹಿಸುತ್ತಾರೆ. ಅದರಲ್ಲಿ ಕಾಯುವ ಕೆಲಸವೇ ಜಾಸ್ತಿ. ಬೆಳಗ್ಗೆಯಿಂದ ಸಡಿಲ ನೈಟಿಯಲ್ಲೇ ಇರಿ ಅಂತ ಮೊದಲೇ ಹೇಳಿದ್ದೆ. ಲಂಗದ ಲಾಡಿ ಒತ್ತಿದ ಗುರುತು ಅಷ್ಟು ಬೇಗ ಹೋಗುವುದಿಲ್ಲ. ಚಳಿಗೆ ಮೈ ಜುಮ್ಮೆನ್ನಬಾರದು, ಹಾಗಾಗಿ ಏಸಿ ಆಫ್. ಕಿಟಕಿಗೆ ಬಟರ್ ಪೇಪರ್ ಅಂಟಿಸಿದೆ. ಮಳೆಗಾಲದ ಮೆತ್ತನೆ ಬೆಳಕು ಒಂದು ಪಕ್ಕದಿಂದಲೇ ಬೀಳಬೇಕು. ಎದುರಿನಿಂದ ಬಿದ್ದರೆ ಬೆನ್ನು ಗೋಡೆಯ ಹಾಗೆ ಚಪ್ಪಟೆ. ಇನ್ನೊಂದು ಪಕ್ಕ ಕಪ್ಪು ಬಟ್ಟೆ ಕಟ್ಟಿದೆ. ನೆರಳು ಗಾಢವಾಯಿತು, ಬೆನ್ನೆಲುಬಿನ ಹಳ್ಳ ಕಂಡಿತು.

ನನ್ನ ತಲೆಯಲ್ಲಿದ್ದದ್ದು ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್. 1930ರಲ್ಲಿ ಅವರು ಒಂದು ದಪ್ಪ ಮೆಣಸಿನಕಾಯಿಯನ್ನು ತಗಡಿನ ಲಾಳಿಕೆಯೊಳಗಿಟ್ಟು ತೆಗೆದ ಫೋಟೋ ಥೇಟ್ ಮನುಷ್ಯರ ಮೈಯಂತೆ ಕಾಣುತ್ತದೆ. ನನಗೂ ಅಂಥದ್ದೇ ಬೇಕಿತ್ತು. ಯಾರದ್ದೆಂದು ತಿಳಿಯದ, ಬರೀ ಆಕಾರ. ಮುಖ ಬರಬಾರದು ಅಂತ ಕಾಗದದಲ್ಲೇ ಬರೆದು ಇಬ್ಬರೂ ಸಹಿ ಹಾಕಿದ್ದೆವು.

ಬೇಡ ಅಂದದ್ದನ್ನು ಅಲ್ಲೇ ಅಳಿಸುವುದು ನಮ್ಮ ಒಪ್ಪಂದ. ಅಕ್ಕ ಶಾಲು ಹೊದ್ದು ಬಂದು ಒಂದೊಂದೇ ನೋಡಿದರು. ಒಂದರ ಮುಂದೆ ನಿಂತೇಬಿಟ್ಟರು. ಆಗ ಬಂದದ್ದು ಆ ಮಾತು.

"ಹೆಂಗ ಗೊತ್ತಾತಕ್ಕ?" ಅಂದೆ.

"ಎಣ್ಣಿ ಹಚ್ಚಿ ತಿಕ್ಕೀನಲ್ಲ, ನನಗ ಗೊತ್ತಾಗಂಗಿಲ್ಲೇನು?"

ನಾನು ಆಕಾರ ಹುಡುಕುತ್ತಿದ್ದೆ. ಅವರಿಗೆ ಅಲ್ಲಿ ತಾಯಿ ಸಿಕ್ಕಳು. ನಮ್ಮ ಬೆನ್ನನ್ನು ನಾವು ನೋಡುವುದೇ ಇಲ್ಲ, ಅಲ್ವಾ? ನನ್ನಮ್ಮನ ಬೆನ್ನು ನೆನಪಿಗೆ ತಂದುಕೊಳ್ಳಲು ನಾಲ್ಕು ದಿನದಿಂದ ನೋಡುತ್ತಿದ್ದೇನೆ. ಬಚ್ಚಲಿನ ಹೊಗೆ ಬರುತ್ತದೆ, ಸೀಗೆಪುಡಿಯ ವಾಸನೆ ಬರುತ್ತದೆ. ಬೆನ್ನು ಬರುತ್ತಿಲ್ಲ.

ಸ್ಟುಡಿಯೋ ಬಾಡಿಗೆಗೆ ಕೊಟ್ಟವರು "ಅಂಥ ಫೋಟೋನಾ?" ಅಂತ ಎರಡು ಸಲ ಕೇಳಿದ್ದರು. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಇದೇ ಊರಿನಲ್ಲಿ 1954ರಲ್ಲಿ, ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿಟ್ಟ ಚಿತ್ರಗಳು ಅಶ್ಲೀಲ ಅಂತ ಚಿತ್ರಕಾರ ಅಕ್ಬರ್ ಪದಮ್ಸೀ ಅವರನ್ನು ಕೋರ್ಟಿಗೆ ಎಳೆದಿದ್ದರು. ಪದಮ್ಸೀ ಗೆದ್ದರು. ಇಷ್ಟು ವರ್ಷವಾದರೂ ಪ್ರಶ್ನೆ ಅದೇ.

ಅಕ್ಕನ ತಾಯಿ ಈಗಿಲ್ಲ. ಒಂದೂ ಫೋಟೋ ಇಲ್ಲವಂತೆ. ಇದರದ್ದೇ ಒಂದು ಪ್ರಿಂಟ್ ಬೇಕು, ಟ್ರಂಕಿನಲ್ಲಿ ಹಿಡಿಯುವಷ್ಟು ಸಾಕು ಅಂದಿದ್ದಾರೆ. ನಾಳೆ ಮಾಡಿಸಿಕೊಡಬೇಕು.