ಎಡ್ಮಂಡ್ ಮೇಲೆ ಈಗ ಸಿಟ್ಟಿಲ್ಲ

ಮಾಟುಂಗಾದ ನಮ್ಮ ಓದುಗರ ಬಳಗ ಈ ಸಲ ಸಿ.ಎಸ್. ಲೂಯಿಸ್ ಬರೆದ ನಾರ್ನಿಯಾ ಅನ್ನೋ ಮಾಯಾಲೋಕದ ಮಕ್ಕಳ ಕಥಾಸರಣಿಯ ಮೊದಲ ಪುಸ್ತಕವನ್ನು ಮತ್ತೆ ಓದಿತು. ಚಿಕ್ಕವರಿದ್ದಾಗ ನಮಗೆಲ್ಲ ಅದರಲ್ಲಿ ಬರುವ ಹುಡುಗ ಎಡ್ಮಂಡ್ ಅಂದ್ರೆ ಸಿಟ್ಟು, ಒಂದು ಡಬ್ಬಿ ಟರ್ಕಿಶ್ ಡಿಲೈಟ್ ಅನ್ನೋ ಸಿಹಿತಿಂಡಿಗೋಸ್ಕರ ಒಡಹುಟ್ಟಿದವರನ್ನೇ ಮಾಟಗಾತಿಗೆ ಬಿಟ್ಟುಕೊಟ್ಟನಲ್ಲ ಅಂತ. ಪುಸ್ತಕ ಬಂದಿದ್ದು 1950ರಲ್ಲಿ. ಆಗ ಬ್ರಿಟನ್‌ನಲ್ಲಿ ಸಿಹಿತಿಂಡಿಗೆ ಇನ್ನೂ ರೇಷನ್ ಇತ್ತು, ಅದು ಪೂರ್ತಿ ಹೋಗಿದ್ದು 1953ರಲ್ಲಿ. ಅಲ್ಲಿನ ಮಕ್ಕಳ ಬಾಯಲ್ಲಿ ಎಷ್ಟು ನೀರೂರಿರಬೇಕು ಅಲ್ವಾ? ಅದೂ ಅಲ್ಲದೆ ಆ ತಿಂಡಿಗೆ ಮಾಟ ಮಾಡಿತ್ತು, ಒಮ್ಮೆ ರುಚಿ ನೋಡಿದವರು ಬಿಟ್ಟರೆ ಸಾಯುವ ತನಕ ತಿನ್ನುತ್ತಲೇ ಇರುತ್ತಾರೆ. ಡೊಂಬಿವಲಿಯಿಂದ ಬರುವ ಗೆಳತಿ ಆ ಭಾಗವನ್ನು ಜೋರಾಗಿ ಓದಿದಳು, ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪಾಪ, ಹುಡುಗ. ಮುಂದೆ ಸರಣಿಯ ಕೊನೆಯ ಪುಸ್ತಕ ಓದುತ್ತೇವೆ. ಅದರಲ್ಲಿ ಎಡ್ಮಂಡ್‌ನ ಅಕ್ಕ ಸೂಸನ್‌ಳನ್ನು ನಾರ್ನಿಯಾದಿಂದ ಹೊರಗಿಟ್ಟಿದ್ದಕ್ಕೆ ಮಾತ್ರ ನಾನು ಜಗಳ ಆಡಿಯೇ ಆಡುತ್ತೇನೆ.