ಜರ್ಮನಿಯ ಕಾರ್‌ಶೇರಿಂಗ್: ಕಾರು ಸುಲಭ, ನಿಲ್ಲಿಸುವ ಜಾಗ ಕಷ್ಟ

ಓದಲೋ ಕೆಲಸಕ್ಕೋ ಜರ್ಮನಿಗೆ ಬಂದವರಲ್ಲಿ ಅನೇಕರು ಸ್ವಂತ ಕಾರು ಕೊಳ್ಳುವ ಗೋಜಿಗೆ ಹೋಗದೆ, ಒಂದೇ ಕಾರನ್ನು ಹಲವರು ಸರದಿಯಲ್ಲಿ ಬಾಡಿಗೆಗೆ ಬಳಸುವ ಕಾರ್‌ಶೇರಿಂಗ್ ಸದಸ್ಯರಾಗುತ್ತಾರೆ. ಫೋನಿನಲ್ಲೇ ಬೀಗ ತೆಗೆದು ಹತ್ತಿ ಕೂತರೆ ಆಯಿತು. ತೊಡಕು ಶುರುವಾಗುವುದು ಇಳಿಯುವಾಗ. ಎಲ್ಲಿ ಬಿಡಬಹುದು, ಅದಕ್ಕೆ ಯಾರ ಅನುಮತಿ ಇದೆ, ಪಾರ್ಕಿಂಗ್ ದುಡ್ಡು ಯಾರ ತಲೆಯ ಮೇಲೆ? ಈ ದಂಧೆ ನಡೆಸುವ ಕಂಪನಿಗಳ ಲಾಭ ನಷ್ಟವೂ ಹೆಚ್ಚುಪಾಲು ನಿಂತಿರುವುದು ರಸ್ತೆಬದಿಯ ಈ ಐದು ಮೀಟರ್ ಜಾಗದ ಮೇಲೆಯೇ.

ನಮ್ಮಲ್ಲಿ ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರುವುದರಿಂದ ದೂರದಿಂದಲೇ ಗೊತ್ತಾಗುತ್ತದೆ. ಇಲ್ಲಿ ನಂಬರ್ ಪ್ಲೇಟಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಕಾನೂನು ಗುರುತಿಸುವುದು ಕಾರಿಗೆ ಅಂಟಿಸಿದ ಕಾರ್‌ಶೇರಿಂಗ್ ಚೀಟಿಯನ್ನು. ಇದರ ಹಿಂದಿರುವುದು 2017ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಕಾರ್‌ಶೇರಿಂಗ್ ಕಾಯ್ದೆ. ಬರ್ಲಿನ್‌ನಲ್ಲಿ ಸ್ಟಾಟ್‌ಆಟೊ ಎಂಬ ಹೆಸರಿನಲ್ಲಿ ಕಾರು ಹಂಚಿಕೊಳ್ಳುವುದು ಶುರುವಾದದ್ದು 1988ರಲ್ಲಿ. ಅಂದರೆ ಕೇಂದ್ರದ ಕಾಯ್ದೆ ಬರಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ಕಾಯ್ದೆ ಎರಡು ಬಗೆಯ ಸೇವೆಯನ್ನು ಬೇರೆ ಬೇರೆಯಾಗಿ ನೋಡುತ್ತದೆ. ಒಂದು, ಸ್ಟೇಷನ್ ಕಾರು: ಎಲ್ಲಿಂದ ತೆಗೆದಿರೋ ಅಲ್ಲಿಗೇ ತಂದು ಬಿಡಬೇಕು. ಇನ್ನೊಂದು, ನಗರದೊಳಗೆ ಕಂಪನಿ ಗೆರೆ ಎಳೆದ ಪ್ರದೇಶದಲ್ಲಿ ಎಲ್ಲಿ ಬೇಕಾದರೂ ಬಿಟ್ಟುಹೋಗುವ ಕಾರು.

ಸ್ಟೇಷನ್ ಕಾರಿಗೆ ಸಾರ್ವಜನಿಕ ರಸ್ತೆಯಲ್ಲಿ ಕಾಯಂ ಜಾಗ ಬೇಕಾದರೆ ಕಂಪನಿ ನೇರವಾಗಿ ಹೋಗಿ ಇಂಥ ಬೀದಿ ಕೊಡಿ ಎಂದು ಕೇಳಿ ಪಡೆಯುವ ಹಾಗಿಲ್ಲ. ಜಾಗಗಳನ್ನು ಗುರುತಿಸುವುದು ಆಡಳಿತ. ಅದು ಬಹಿರಂಗವಾಗಿ ಪ್ರಕಟಣೆ ಹೊರಡಿಸಿ, ಅರ್ಜಿ ಕರೆದು, ಪಕ್ಷಪಾತವಿಲ್ಲದ ಆಯ್ಕೆ ನಡೆಸಬೇಕು. ಗೆದ್ದವರಿಗೆ ಸಿಗುವ ಅನುಮತಿ ಹೆಚ್ಚೆಂದರೆ 8 ವರ್ಷ. ಮುಗಿದ ಮೇಲೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಅರ್ಜಿ ಹಾಕಲು ಅರ್ಹತೆಯೂ ಸ್ಪಷ್ಟ: ದಿನದ 24 ಗಂಟೆಯೂ ಬುಕಿಂಗ್ ಮತ್ತು ವಾಪಸಾತಿ ಸಾಧ್ಯವಿರಬೇಕು, ಒಂದು ಗಂಟೆಯಷ್ಟು ಕಡಿಮೆ ಅವಧಿಗೂ ಕಾರು ಸಿಗಬೇಕು, ಗಂಟೆಯ ದರ ದಿನದ ದರದ ಶೇ. 20 ಮೀರಬಾರದು, ಜಾಹೀರಾತಿನ ಸಣ್ಣಪುಟ್ಟ ಕೊಡುಗೆ ಬಿಟ್ಟರೆ ಉಚಿತ ಕಿಲೋಮೀಟರ್ ಕೊಡಬಾರದು. ಕೊನೆಯದು ನೋಡಲು ವಿಚಿತ್ರ, ಆದರೆ ಉದ್ದೇಶ ಸರಿಯಾಗಿದೆ. ಉಚಿತ ಕಿಲೋಮೀಟರ್ ಇದ್ದರೆ ಜನ ಸುಮ್ಮನೆ ಸುತ್ತುತ್ತಾರೆ. ಟ್ರಾಫಿಕ್ ಕಡಿಮೆ ಮಾಡುತ್ತೇನೆ ಎಂದು ರಸ್ತೆ ಪಡೆದವನು ಟ್ರಾಫಿಕ್ ಹೆಚ್ಚಿಸಬಾರದಲ್ಲ.

ಒಂದು ಕೊಕ್ಕೆ ಇದೆ. ಈ ಆಯ್ಕೆಯ ನಿಯಮ ಊರೊಳಗೆ ಹಾದುಹೋಗುವ ಕೇಂದ್ರ ಹೆದ್ದಾರಿಯ ಭಾಗಕ್ಕೆ ಮಾತ್ರ ಅನ್ವಯ. ಉಳಿದ ಬೀದಿಗಳು ರಾಜ್ಯಗಳ ರಸ್ತೆ ಕಾನೂನಿಗೆ ಸೇರಿದ್ದರಿಂದ ಅಲ್ಲಿಗೆ ರಾಜ್ಯಗಳೇ ದಾರಿ ಮಾಡಿಕೊಡಬೇಕು. ಹಾಗಾಗಿ ಒಂದೇ ಕಂಪನಿಗೆ ಒಂದು ಊರಿನಲ್ಲಿ ಮನೆ ಮುಂದೆಯೇ ಜಾಗವಿದ್ದರೆ, ಪಕ್ಕದ ರಾಜ್ಯದಲ್ಲಿ ಸೂಪರ್‌ಮಾರ್ಕೆಟ್ಟಿನ ಹಿತ್ತಲನ್ನು ಬಾಡಿಗೆಗೆ ಹಿಡಿಯಬೇಕು. ಬ್ರೆಮೆನ್ ನಗರ ಮಾತ್ರ ಕೇಂದ್ರದ ಕಾಯ್ದೆಗೆ ಕಾಯದೆ 2003ರಲ್ಲೇ ಮೊಬಿಲ್‌ಪುಂಕ್ಟ್ ಎಂಬ ರಸ್ತೆಬದಿಯ ಸ್ಟೇಷನ್‌ಗಳನ್ನು ತೆರೆಯಿತು.

2020ರಲ್ಲಿ ಸಂಚಾರ ನಿಯಮ ತಿದ್ದಿ ಕಾರ್‌ಶೇರಿಂಗ್‌ಗೆ ಪ್ರತ್ಯೇಕ ಫಲಕ ತಂದರು. ನೀಲಿ ಪಿ ಫಲಕದ ಕೆಳಗೆ ಕಾರು ಮತ್ತು ಜನರ ಚಿತ್ರವಿರುವ ಬಿಳಿ ಫಲಕ. ಕಾರ್‌ಶೇರಿಂಗ್ ಚೀಟಿ ಇಲ್ಲದ ಕಾರನ್ನು ಅಲ್ಲಿ ನಿಲ್ಲಿಸಿದರೆ ದಂಡ 55 ಯೂರೋ. ಟೋ ಮಾಡಿದರೆ ಅದರ ಖರ್ಚು ಬೇರೆ. ಹೀಗಿದ್ದೂ ಜಾಗ ಕದಿಯುವವರು ಕಡಿಮೆಯಾಗಿಲ್ಲ. ಅದಕ್ಕೇ ಅನೇಕ ಸ್ಟೇಷನ್‌ಗಳಲ್ಲಿ ನೆಲಕ್ಕೆ ಮಡಚುವ ಕಬ್ಬಿಣದ ಕಮಾನು ಹಾಕಿರುತ್ತಾರೆ. ಬೀಗದ ಕೈ ಕಾರಿನಲ್ಲೇ ಇರುತ್ತದೆ. ಹೊರಡುವಾಗ ಕಾರನ್ನು ಈಚೆ ತಂದು, ಕೆಳಗಿಳಿದು, ಕಮಾನನ್ನು ಎತ್ತಿ ಬೀಗ ಹಾಕಿಯೇ ಹೋಗಬೇಕು. ಮಳೆಯಲ್ಲಿ ಯಾರು ಇಳಿಯುತ್ತಾರೆ ಎಂದು ಬಿಟ್ಟುಹೋದರೆ ಸಂಜೆ ಬರುವಷ್ಟರಲ್ಲಿ ಬೇರೆಯವರ ಕಾರು ಅಲ್ಲಿ ಮಲಗಿರುತ್ತದೆ. ಆಗ ಹತ್ತಿರದ ನಿಯಮಬದ್ಧ ಜಾಗದಲ್ಲಿ ನಿಲ್ಲಿಸಿ, ಬೀದಿ ಮತ್ತು ಮನೆ ನಂಬರನ್ನು ಕಂಪನಿಗೆ ತಿಳಿಸಬೇಕು. ಇಲ್ಲವಾದರೆ ಮುಂದಿನವರು ಕಾರು ಹುಡುಕುತ್ತಾ ಅಲೆಯುತ್ತಾರೆ.

ಎಲ್ಲಿ ಬೇಕಾದರೂ ಬಿಡುವ ಕಾರುಗಳ ಕಥೆ ಪಾರ್ಕಿಂಗ್ ಮೀಟರಿನದು. ಗೆರೆಯೊಳಗಿನ ಸಾರ್ವಜನಿಕ ರಸ್ತೆಬದಿಯಲ್ಲಿ ಬುಕಿಂಗ್ ಮುಗಿಸಿದರೆ ಪಾರ್ಕಿಂಗ್ ಶುಲ್ಕ ಸಾಮಾನ್ಯವಾಗಿ ಕಂಪನಿಯದು. ಬರ್ಲಿನ್‌ನಲ್ಲಿ 2023ರ ಜನವರಿಯಿಂದ ಮೀಟರ್ ದರ ವಲಯಕ್ಕೆ ತಕ್ಕಂತೆ ಗಂಟೆಗೆ 2, 3 ಅಥವಾ 4 ಯೂರೋ ಆಯಿತು. ಅದೇ ಬೀದಿಯ ನಿವಾಸಿಗೆ ಸ್ವಂತ ಕಾರಿನ ಪಾರ್ಕಿಂಗ್ ಚೀಟಿ ಎರಡು ವರ್ಷಕ್ಕೆ 20.40 ಯೂರೋಗೆ ಸಿಗುತ್ತಿತ್ತು. ಮೀಟರ್ ದರದ ಲೆಕ್ಕದಲ್ಲಿ 3 ಯೂರೋ ವಲಯದಲ್ಲಿ ಹಂಚಿಕೆಯ ಕಾರೊಂದು ಒಂಬತ್ತು ಗಂಟೆ ನಿಂತರೆ 27 ಯೂರೋ. ನೂರಾರು ಜನ ಬಳಸುವ ಕಾರು ಒಂದು ಹಗಲಿಗೆ ಕೊಡುವುದು, ಒಬ್ಬರೇ ಬಳಸುವ ಕಾರು ಎರಡು ವರ್ಷಕ್ಕೆ ಕೊಡುವುದಕ್ಕಿಂತ ಹೆಚ್ಚು. ಇದು ತಲೆಕೆಳಗಾದ ಲೆಕ್ಕವೆಂದೇ ಹೇಳಬೇಕು. ಬೇಡಿಕೆ ಇಲ್ಲದ ಮೂಲೆಗಳನ್ನು ಕಂಪನಿಗಳು ಗೆರೆಯಿಂದ ಹೊರಗಿಡುವುದೂ, ನಿಂತಲ್ಲೇ ನಿಂತ ಕಾರನ್ನು ತಮ್ಮ ಜನ ಕಳಿಸಿ ಬೇರೆಡೆ ಸಾಗಿಸುವುದೂ ಸುಮ್ಮನೆ ಅಲ್ಲ.

ನಿವಾಸಿಗಳ ಚೀಟಿಯ ಬಗ್ಗೆ ಬಹಳ ಜನಕ್ಕೆ ತಿಳಿಯದ ಸೌಲಭ್ಯವೊಂದಿದೆ. ಸ್ವಂತ ಕಾರಿಲ್ಲದ ಕಾರ್‌ಶೇರಿಂಗ್ ಸದಸ್ಯರೂ ಅದಕ್ಕೆ ಅರ್ಜಿ ಹಾಕಬಹುದು. ನಂಬರ್ ಬರೆಯುವ ಜಾಗದಲ್ಲಿ ಕಂಪನಿಯ ಹೆಸರು ನಮೂದಿಸಿ ಕೊಡುತ್ತಾರೆ. ಹೊರಗಿನಿಂದ ನೋಡಿದರೆ ಆ ಕಂಪನಿಯದೆಂದು ಸ್ಪಷ್ಟವಾಗಿ ತಿಳಿಯುವ ಕಾರಿಗೆ ಮಾತ್ರ ಅದು ನಡೆಯುತ್ತದೆ. ಸ್ಟೇಷನ್ ಕಾರನ್ನು ರಾತ್ರಿ ಮನೆ ಹತ್ತಿರ ಇಟ್ಟುಕೊಳ್ಳುವವರಿಗೆ ಇದು ಉಪಯೋಗ.

ಬಿಡುವಾಗ ಕೆಲವನ್ನು ಗಮನಿಸಿ. ಅಡ್ಡರಸ್ತೆ ಕೂಡುವಲ್ಲಿ 5 ಮೀಟರ್, ಬಲಗಡೆ ಸೈಕಲ್ ಪಥವಿದ್ದರೆ 8 ಮೀಟರ್ ಖಾಲಿ ಬಿಡಬೇಕು. ಬಂದ ಗಂಟೆ ತೋರಿಸುವ ನೀಲಿ ಪಾರ್ಕಿಂಗ್ ಡಿಸ್ಕ್ ಇಡಬೇಕಾದ ಕಡೆ ಬಾಣವನ್ನು ಮುಂದಿನ ಅರ್ಧ ಗಂಟೆಗೆ ತಿರುಗಿಸಿ. 10:05ಕ್ಕೆ ಬಂದರೆ 10:30. ಸೂಪರ್‌ಮಾರ್ಕೆಟ್ ಅಂಗಳ, ಬಹುಮಹಡಿ ಪಾರ್ಕಿಂಗ್, ವಠಾರದ ಒಳಾಂಗಣದಲ್ಲಿ ಬುಕಿಂಗ್ ಮುಗಿಸಲೇಬೇಡಿ.

ಹೆಚ್ಚು ಜನ ಸಿಕ್ಕಿಬೀಳುವುದು ತಾತ್ಕಾಲಿಕ ನೋ ಪಾರ್ಕಿಂಗ್ ಫಲಕಕ್ಕೆ. ಮನೆ ಬದಲಿಸುವವರು, ಕಾಮಗಾರಿಯವರು ಕಾಲಿನ ಮೇಲೆ ನಿಲ್ಲುವ ಫಲಕವನ್ನು ಮುಂಚೆಯೇ ತಂದಿಟ್ಟಿರುತ್ತಾರೆ. ಕೆಳಗೆ ಚಿಕ್ಕ ಅಕ್ಷರದಲ್ಲಿ ದಿನ, ಗಂಟೆ. ಕೇಂದ್ರ ಆಡಳಿತ ನ್ಯಾಯಾಲಯ 2018ರ ಮೇ 24ರಂದು ಹೇಳಿದ ಪ್ರಕಾರ, ಫಲಕ ಇಟ್ಟು ಪೂರ್ತಿ ಮೂರು ದಿನ ಕಳೆದರೆ, ಮೊದಲೇ ಸರಿಯಾಗಿ ನಿಲ್ಲಿಸಿದ್ದ ಕಾರಿನ ಟೋ ಖರ್ಚನ್ನೂ ನಾಲ್ಕನೇ ದಿನದಿಂದ ಕಾರಿನ ಕಡೆಯವರಿಂದ ವಸೂಲಿ ಮಾಡಬಹುದು. ಕಂಪನಿ ಅದನ್ನು ಕೊನೆಯ ಗ್ರಾಹಕರಿಗೆ ದಾಟಿಸುತ್ತದೋ ಇಲ್ಲವೋ ಎಂಬುದು ಕರಾರಿನಲ್ಲಿದೆ: ಇಷ್ಟು ಗಂಟೆಯೊಳಗೆ ನಿರ್ಬಂಧ ಶುರುವಾಗುವ ಜಾಗದಲ್ಲಿ ಬಿಡಬಾರದು ಎಂದು ಬರೆದಿರುತ್ತದೆ. ಆ ಸಂಖ್ಯೆಯನ್ನು ಸದಸ್ಯರಾಗುವ ದಿನವೇ ನೋಡಿಟ್ಟುಕೊಳ್ಳಿ.

ದಂಡದ ಪತ್ರ ಮೊದಲು ಹೋಗುವುದು ಕಂಪನಿಗೆ. ಅವರು ಬುಕಿಂಗ್ ಸಮಯ ನೋಡಿ ನಿಮ್ಮ ಹೆಸರು ಕೊಡುತ್ತಾರೆ, ಜೊತೆಗೆ ತಮ್ಮ ನಿರ್ವಹಣಾ ಶುಲ್ಕವನ್ನೂ ಸೇರಿಸುತ್ತಾರೆ. ಪತ್ರ ಬಂದಾಗ ದಂಡದ ಗಂಟೆಯನ್ನು ನಿಮ್ಮ ಬುಕಿಂಗ್ ಮುಗಿದ ಗಂಟೆಗೆ ಹೋಲಿಸಿ. ಬಿಡುವಾಗ ಎರಡು ಫೋಟೋ ತೆಗೆದಿಟ್ಟಿದ್ದರೆ, ಒಂದರಲ್ಲಿ ಕಾರು ಮತ್ತು ರಸ್ತೆಬದಿಯ ಫಲಕ, ಇನ್ನೊಂದರಲ್ಲಿ ಬೀದಿಯ ಎರಡೂ ದಿಕ್ಕು, ಫಲಕ ಆಮೇಲೆ ಬಂದದ್ದೆಂದು ತೋರಿಸಬಹುದು. ಉತ್ತರವನ್ನು ಪತ್ರದಲ್ಲಿ ಕೊಟ್ಟ ಗಡುವಿನೊಳಗೆ ಕಳಿಸಿ.