ಮಕ್ಕಳ ಜೊತೆ ಆಲ್ಪ್ಸ್ ಗುಡ್ಡದ ಮೇಲೆ ಒಂದು ರಾತ್ರಿ

ಆರು ಕಿಲೋಮೀಟರ್ ತಾನೇ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಇದೇನು ಮಹಾ? ಜರ್ಮನಿಗೆ ಬಂದು ನೆಲೆಸಿದ ನಮ್ಮವರು ಮಕ್ಕಳನ್ನು ಕಟ್ಟಿಕೊಂಡು ಮೊದಲ ಸಲ ಆಲ್ಪ್ಸ್ ಹತ್ತಲು ಹೊರಟಾಗ ಹೀಗೇ ಅಂದುಕೊಳ್ಳುತ್ತಾರೆ. ಲೆಕ್ಕ ತಪ್ಪುವುದೂ ಇಲ್ಲೇ. ಬೆಟ್ಟದಲ್ಲಿ ಕೇಳಬೇಕಾದ್ದು ಎಷ್ಟು ದೂರ ಅಂತಲ್ಲ, ಎಷ್ಟು ಏರು ಅಂತ. ಅದಕ್ಕಿಂತ ಮುಖ್ಯ, ಎಷ್ಟು ಹೊತ್ತಿಗೆ ಮೇಲೆ ತಲುಪುತ್ತೇವೆ ಅಂತ.

ಇಲ್ಲಿಯವರು ಬಳಸುವ ಸೂತ್ರ ಸುಲಭ. ಸಮತಟ್ಟಾದ ದಾರಿಯಲ್ಲಿ ಗಂಟೆಗೆ 4 ಕಿ.ಮೀ., ಏರಿನಲ್ಲಿ ಗಂಟೆಗೆ 300 ಮೀಟರ್ ಎತ್ತರ, ಇಳಿಯುವಾಗ ಗಂಟೆಗೆ 500 ಮೀಟರ್. ದೂರಕ್ಕೆ ಹಿಡಿಯುವ ಹೊತ್ತನ್ನೂ ಎತ್ತರಕ್ಕೆ ಹಿಡಿಯುವ ಹೊತ್ತನ್ನೂ ಬೇರೆ ಬೇರೆ ಬರೆದುಕೊಳ್ಳಿ. ಯಾವುದು ಹೆಚ್ಚೋ ಅದು ಪೂರ್ತಿ, ಕಡಿಮೆ ಇರುವುದರಲ್ಲಿ ಅರ್ಧ. ಎರಡನ್ನೂ ಕೂಡಿಸಿ.

ಮೊದಲ ಸಲಕ್ಕೆ ನಾವು ಹೇಳುವ ಜಾಗ ಮ್ಯೂನಿಕ್‌ನ ದಕ್ಷಿಣಕ್ಕಿರುವ ರೋಟ್‌ವಾಂಡ್‌ಹೌಸ್, ಅಂದರೆ ಬೆಟ್ಟ ಹತ್ತುವವರು ಊಟ ಮಾಡಿ ರಾತ್ರಿ ಉಳಿಯುವ ಒಂದು ಹಟ್. ರೈಲಿನಲ್ಲಿ ಫಿಷ್‌ಹೌಸನ್-ನಾಯ್‌ಹೌಸ್ ನಿಲ್ದಾಣ, ಅಲ್ಲಿಂದ ಬಸ್ಸಿನಲ್ಲಿ ಷ್ಪಿಟ್ಸಿಂಗ್‌ಜೇ ಕೆರೆ. ಕೆರೆ ಇರುವುದು 1,084 ಮೀಟರ್ ಎತ್ತರದಲ್ಲಿ, ಹಟ್ ಇರುವುದು 1,737 ಮೀಟರ್‌ನಲ್ಲಿ. ಅಂದರೆ ಏರು ಸುಮಾರು 650 ಮೀಟರ್, ಚಾಮುಂಡಿ ಬೆಟ್ಟದ ಎರಡರಷ್ಟು. ದೂರ ಸುಮಾರು 6 ಕಿ.ಮೀ. ಏರಿಗೆ 2 ಗಂಟೆ 10 ನಿಮಿಷ, ದೂರದ ಒಂದೂವರೆ ಗಂಟೆಯಲ್ಲಿ ಅರ್ಧ 45 ನಿಮಿಷ, ಒಟ್ಟು ಹತ್ತಿರ ಹತ್ತಿರ 3 ಗಂಟೆ. ಇದು ದೊಡ್ಡವರ ನಡಿಗೆ. ಆರರಿಂದ ಹತ್ತು ವರ್ಷದ ಮಕ್ಕಳಿದ್ದರೆ ಒಂದೂವರೆ ಪಟ್ಟು ಮಾಡಿ, ಅದರ ಮೇಲೆ ತಿನ್ನುವುದಕ್ಕೆ, ಕಲ್ಲು ಆರಿಸುವುದಕ್ಕೆ, ತೊರೆಯಲ್ಲಿ ಕೈ ಆಡಿಸುವುದಕ್ಕೆ ಒಂದು ಗಂಟೆ ಸೇರಿಸಿ. ಬೆಳಿಗ್ಗೆ 8 ಗಂಟೆಗೆ ಕೆರೆ ಬಿಟ್ಟರೆ ಮಧ್ಯಾಹ್ನ ಒಂದೂವರೆಗೆ ಮೇಲಿರುತ್ತೀರಿ. ಹತ್ತೂವರೆಗೆ ಬಿಟ್ಟರೆ ನಾಲ್ಕಾಗುತ್ತದೆ. ಬೇಸಿಗೆಯ ಆಲ್ಪ್ಸ್‌ನಲ್ಲಿ ಗುಡುಗು ಮಳೆಗೆ ಅದೇ ಹೊತ್ತು.

ದಾರಿ ಅಗಲವಾಗಿದೆ, ಪ್ರಪಾತದ ಭಯವಿಲ್ಲ. ಮರುದಿನ ಮಕ್ಕಳಿಗೆ ಹುರುಪಿದ್ದರೆ ಹಟ್‌ನಿಂದ 1,884 ಮೀಟರ್‌ನ ರೋಟ್‌ವಾಂಡ್ ತುದಿಗೆ ಅರ್ಧ ಗಂಟೆ. ಜೋಯಿನ್‌ಜೇ ಕೆರೆಯ ಮೇಲಿಂದ ಗೈಟಾವ್ ನಿಲ್ದಾಣಕ್ಕೆ ಇಳಿಯುವ ದಾರಿಯೂ ಇದೆ, ತುಂಬ ಚೆನ್ನಾಗಿದೆ. ಆದರೆ ಅದು 950 ಮೀಟರ್‌ನಷ್ಟು ಇಳಿತ, ಹತ್ತು ವರ್ಷದೊಳಗಿನ ಮಕ್ಕಳ ಮಂಡಿಗೆ ಬಹಳ. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಕಾಲು ಹೋಗುತ್ತದೆ. ಜಾರಿ ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ಮೊದಲ ಸಲ ಹತ್ತಿದ ದಾರಿಯಲ್ಲೇ ಇಳಿಯಿರಿ.

ಬವೇರಿಯಾದ ಶಾಲೆಗಳಿಗೆ ರಜೆ ಆಗಸ್ಟ್ ಆರಂಭದ ಹೊತ್ತಿಗೆ ಶುರುವಾಗಿ ಸೆಪ್ಟೆಂಬರ್ ಮಧ್ಯದವರೆಗೆ. ಬೆಟ್ಟಕ್ಕೂ ಅದೇ ಸರಿಯಾದ ಕಾಲ. ಇನ್ನೂ ಎತ್ತರದ ಹಟ್‌ಗಳು ಜೂನ್ ಮಧ್ಯಕ್ಕೋ ಕೊನೆಗೋ ಬಾಗಿಲು ತೆರೆದರೂ ಉತ್ತರದ ಇಳಿಜಾರುಗಳಲ್ಲಿ ಜುಲೈವರೆಗೂ ಗಟ್ಟಿ ಹಿಮ ಉಳಿದಿರುತ್ತದೆ. ಶನಿವಾರ ರಾತ್ರಿಗಳು ತಿಂಗಳುಗಟ್ಟಲೆ ಮುಂಚೆ ಭರ್ತಿ. ರಜೆ ಇದೆಯಲ್ಲ, ಮಂಗಳವಾರವೋ ಬುಧವಾರವೋ ಹೋಗಿ. ಬರಲಾಗದಿದ್ದರೆ ಮೊದಲೇ ತಿಳಿಸಿ ರದ್ದು ಮಾಡಬೇಕು, ಇಲ್ಲದಿದ್ದರೆ ದುಡ್ಡು ಕಟ್ಟಬೇಕಾಗುತ್ತದೆ.

ಇಂಥ ಹಟ್‌ಗಳನ್ನು ನಡೆಸುವ ಜರ್ಮನ್ ಆಲ್ಪೈನ್ ಸಂಘ 1869ರದ್ದು, ಆಸ್ಟ್ರಿಯಾದ್ದು 1862ರದ್ದು. ಯಾವುದಾದರೊಂದಕ್ಕೆ ಕುಟುಂಬ ಸದಸ್ಯತ್ವ ಮಾಡಿಸಿಕೊಳ್ಳಿ ಅಂತ ಒತ್ತಿ ಹೇಳುತ್ತೇವೆ. ಹಾಸಿಗೆ ದರ ಕಡಿಮೆಯಾಗುವುದು ಒಂದು ಲಾಭ. ನಿಜವಾದ ಲಾಭ, ಬೆಟ್ಟದಲ್ಲಿ ರಕ್ಷಣಾ ಕಾರ್ಯದ ಖರ್ಚಿಗೆ ವಿಮೆ ಅದರಲ್ಲೇ ಬರುತ್ತದೆ. ಹೆಲಿಕಾಪ್ಟರ್ ಕರೆಸಬೇಕಾಗಿ ಬಂದರೆ ಬಿಲ್ ಸಾವಿರಾರು ಯೂರೋ. ಊರಿಂದ ಬಂದ ಅಜ್ಜ ಅಜ್ಜಿಯೂ ಜೊತೆಗಿದ್ದರೆ ಅವರ ಪ್ರವಾಸಿ ವಿಮೆಯಲ್ಲಿ ಈ ಖರ್ಚು ಸೇರಿದೆಯೇ ಅಂತ ಕಾಗದ ತೆಗೆದು ಓದಿ. ಆಸ್ಟ್ರಿಯಾ ಕಡೆ ದಾಟುವುದಿದ್ದರೆ ಎಲ್ಲರ ಪಾಸ್‌ಪೋರ್ಟ್, ನಿಮ್ಮ ವಾಸದ ಪರವಾನಗಿ ಕಾರ್ಡ್ ಚೀಲದಲ್ಲಿರಲಿ.

ಇನ್ನು ಬೂಟು. ನಾಲ್ಕಾರು ವರ್ಷದಿಂದ ಕಪಾಟಿನಲ್ಲಿ ಕೂತ ಬೂಟು ನೋಡುವುದಕ್ಕೆ ಹೊಸದರಂತೆಯೇ ಇರುತ್ತದೆ. ಆದರೆ ಅಟ್ಟೆಯ ಒಳಪದರ ಪಾಲಿಯುರೆಥೇನ್. ಹಾಕಲಿ ಬಿಡಲಿ, ಗಾಳಿಯ ತೇವ ಹೀರಿ ಒಳಗೊಳಗೇ ಪುಡಿಯಾಗುತ್ತಿರುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಿ: ಹಿಮ್ಮಡಿ ಹಿಡಿದು ಅಟ್ಟೆಯನ್ನು ಬಲವಾಗಿ ಬಾಗಿಸಿ, ಪಕ್ಕದ ಪದರವನ್ನು ಉಗುರಿನಿಂದ ಒತ್ತಿ. ಕೂದಲೆಳೆಯಂಥ ಬಿರುಕು ಕಂಡರೆ, ಹಳೆಯ ರಬ್ಬರಿನಂತೆ ಉದುರಿದರೆ, ಅಲ್ಲಿಗೇ ಬಿಡಿ. ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ಅಟ್ಟೆ ಬಾಳೆಸಿಪ್ಪೆಯ ಹಾಗೆ ಕಳಚಿಕೊಳ್ಳುತ್ತದೆ. ಅಂಥ ಹೊತ್ತಿಗೆಂದೇ ಎರಡು ಮೀಟರ್ ಅಂಟುಪಟ್ಟಿ ಚೀಲದಲ್ಲಿರಲಿ, ಸುತ್ತಿಕೊಂಡು ಕೆಳಗಿಳಿಯಬಹುದು. ಮಕ್ಕಳ ಬೂಟಿನ ಮುಂದೆ ಹೆಬ್ಬೆರಳಿನ ಅಗಲ ಜಾಗ ಬೇಕು. ಹಿಂದಿನ ದಿನ ಕಾಲುಗುರು ಕತ್ತರಿಸಿ, ಇಳಿಯುವಾಗ ಬೆರಳು ಮುಂದಕ್ಕೆ ಗುದ್ದುತ್ತದೆ.

ಮಗುವಿನ ಚೀಲ ಅದರ ತೂಕದ ಹತ್ತನೇ ಒಂದು ಭಾಗ ದಾಟಬಾರದು. ಜೀನ್ಸ್, ಹತ್ತಿಯ ಟೀ ಶರ್ಟ್ ಬೇಡ, ನೆನೆದರೆ ಒಣಗುವುದಿಲ್ಲ, ಮೈ ಶಾಖವನ್ನೆಲ್ಲ ಹೀರುತ್ತದೆ. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಚಳಿ ಹೆಚ್ಚುತ್ತದೆ, ಆಗಸ್ಟ್‌ನಲ್ಲೂ ಟೋಪಿ, ತೆಳು ಕೈಗವಸು, ಮಳೆ ಜಾಕೆಟ್ ಬೇಕೇ ಬೇಕು. ನೀರು ಮಕ್ಕಳಿಗೆ 1 ಲೀಟರ್, ದೊಡ್ಡವರಿಗೆ ಒಂದೂವರೆಯಿಂದ 2.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ. ತುದಿ, ಏಣು, ಒಂಟಿ ಮರ, ದಾರಿಬದಿಯ ಉಕ್ಕಿನ ಹಗ್ಗ ಎಲ್ಲದರಿಂದ ದೂರ ಸರಿದು ತಗ್ಗಿನಲ್ಲಿ ಎರಡೂ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ. ಸಹಾಯಕ್ಕೆ ಯೂರೋಪಿನಾದ್ಯಂತ 112. ಆಸ್ಟ್ರಿಯಾದ ಬೆಟ್ಟಗಳಲ್ಲಿ 140, ಸ್ವಿಟ್ಜರ್ಲೆಂಡ್‌ನ ವಾಯು ರಕ್ಷಣೆಗೆ 1414. ಫೋನ್ ಸತ್ತಿದ್ದರೆ ಸೀಟಿ ಅಥವಾ ಟಾರ್ಚ್: ನಿಮಿಷಕ್ಕೆ ಆರು ಸಲ, ಆಮೇಲೆ ಒಂದು ನಿಮಿಷ ಸುಮ್ಮನೆ, ಮತ್ತೆ ಆರು. ಉತ್ತರ ಬರುವುದು ನಿಮಿಷಕ್ಕೆ ಮೂರು. ಹೆಲಿಕಾಪ್ಟರಿಗೆ ಎರಡೂ ಕೈ ಮೇಲೆತ್ತಿದರೆ ಹೌದು, ಸಹಾಯ ಬೇಕು ಅಂತ. ಸುಮ್ಮನೆ ಕೈ ಬೀಸಬೇಡಿ.

ದಾರಿಯಲ್ಲಿ ಸಿಗುವ ಆಲ್ಮ್ ಅಂದರೆ ನಮ್ಮ ಗೋಮಾಳವೇ. ಬೇಸಿಗೆಗೆ ದನಗಳನ್ನು ಮೇಲಕ್ಕೆ ಹೊಡೆದುಕೊಂಡು ಬಂದಿರುತ್ತಾರೆ, ಕೊರಳ ಗಂಟೆ ದೂರದಿಂದಲೇ ಕೇಳುತ್ತದೆ. ನಮ್ಮ ಮಕ್ಕಳಿಗೆ ದನ ಕಂಡರೆ ಮುಟ್ಟಿ ನಮಸ್ಕರಿಸುವುದು ರೂಢಿ. ಇಲ್ಲಿ ಅದು ಬೇಡ. ಕರು ಜೊತೆಗಿರುವ ತಾಯಿ ಹಸು ಮೈಮೇಲೆ ಬರುತ್ತದೆ, ಜನ ಸತ್ತದ್ದೂ ಇದೆ. ಇಪ್ಪತ್ತು ಮೀಟರಿಗಿಂತ ಹತ್ತಿರ ಹೋಗದೆ ಸುತ್ತು ಹಾಕಿ, ದಾಟಿದ ಗೇಟನ್ನು ಮುಚ್ಚಿ.

ಹಟ್‌ನ ಒಳಗೆ ಬೂಟು ಹೊರಗಿನ ಕೋಣೆಯಲ್ಲೇ ಉಳಿಯಬೇಕು, ನಮ್ಮ ಮನೆಗಳ ಹಾಗೆ. ಲಾಗರ್ ಅಂದರೆ ಸಾಲು ಹಾಸಿಗೆ, ಗಂಡಸರು ಹೆಂಗಸರು ಒಟ್ಟಿಗೆ. ಮಕ್ಕಳ ಜೊತೆ ಮೊದಲ ಸಲವಾದರೆ ಸ್ವಲ್ಪ ಹೆಚ್ಚು ಕೊಟ್ಟು ಸಣ್ಣ ಕೋಣೆ ತೆಗೆದುಕೊಳ್ಳಿ. ಹೊದಿಕೆ ಅವರದು, ಒಳಗಿನ ತೆಳು ಬಟ್ಟೆಚೀಲ ನಿಮ್ಮದು, ಅದಿಲ್ಲದೆ ಮಲಗುವ ಹಾಗಿಲ್ಲ. ಹತ್ತು ಗಂಟೆಗೆ ದೀಪ ಆರುತ್ತದೆ. ಬೆಟ್ಟದ ಮೇಲೆ ನೀರು ಕಡಿಮೆ, ಸ್ನಾನ ಇಲ್ಲ ಅಂದುಕೊಂಡೇ ಹೋಗಿ. ನಗದು ಒಯ್ಯಿರಿ, ಕಾರ್ಡ್ ಯಂತ್ರಕ್ಕೆ ಸಿಗ್ನಲ್ ಇಲ್ಲದ ದಿನಗಳಿರುತ್ತವೆ.

ಸಸ್ಯಾಹಾರಿಗಳಿಗೆ ಚೀಸ್ ಹಾಕಿದ ಕೇಸ್‌ಷ್ಪೆಟ್ಸ್‌ಲೆ, ಸಿಹಿಯಾದ ಕೈಸರ್‌ಷ್ಮಾರ್ನ್ ಸಿಗುತ್ತವೆ. ಎರಡರಲ್ಲೂ ಮೊಟ್ಟೆ ಇದೆ. ಕ್ನೋಡೆಲ್ ಉಂಡೆಯಲ್ಲಿ ಷ್ಪೆಕ್ ಅನ್ನುವ ಹಂದಿಮಾಂಸದ ಚೂರಿರಬಹುದು, ತಿಳಿಸಾರು ಸಾಮಾನ್ಯವಾಗಿ ದನದ ಮಾಂಸದ್ದು, ಕೇಳದೆ ತಿನ್ನಬೇಡಿ. ಟೇವಾಸರ್ ಅಂತ ಕೇಳಿದರೆ ಕುದಿನೀರು ದುಡ್ಡಿಗೆ ಕೊಡುತ್ತಾರೆ. ಸದಸ್ಯರು ತಮ್ಮ ಬುತ್ತಿ ತಿನ್ನಲು ಸಂಘದ ಹಟ್‌ಗಳಲ್ಲಿ ಅವಕಾಶ ಇರುವುದರಿಂದ, ಒಗ್ಗರಣೆ ಹಾಕಿ ಒಣಗಿಸಿ ತಂದ ಗೊಜ್ಜವಲಕ್ಕಿ ತರಿಗೆ ಆ ನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಮಕ್ಕಳ ಊಟ ಮುಗಿಯಿತು.

ಮನೆಗೆ ಬಂದ ರಾತ್ರಿಯ ಕೆಲಸ ಉಣ್ಣಿ ಹುಡುಕುವುದು. ಮಲೆನಾಡಿನವರಿಗೆ ಉಣ್ಣಿಯ ಭಯ ಹೊಸದಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ವೈರಸ್ಸೂ ಇಲ್ಲಿಯ ಉಣ್ಣಿ ತರುವ ಮಿದುಳು ಜ್ವರದ ವೈರಸ್ಸೂ ಒಂದೇ ಬಳಗದವು. ಇಲ್ಲಿಯ ಈ ಮಿದುಳು ಜ್ವರಕ್ಕೆ ಜರ್ಮನ್‌ನಲ್ಲಿ ಎಫ್‌ಎಸ್‌ಎಂಇ ಅನ್ನುತ್ತಾರೆ, ಅದಕ್ಕೆ ಲಸಿಕೆ ಇದೆ, ಒಂದು ವರ್ಷ ತುಂಬಿದ ಮಕ್ಕಳಿಗೂ ಕೊಡುತ್ತಾರೆ. ಎರಡನೇ ಡೋಸ್ 1ರಿಂದ 3 ತಿಂಗಳ ಮೇಲೆ, ಆಮೇಲೆ ಮೂರನೆಯದು. ಬೇಸಿಗೆಗೆ ಮುಂಚೆ ಎರಡಾದರೂ ಆಗಬೇಕಾದರೆ ಚಳಿಗಾಲದಲ್ಲೇ ಶುರು ಮಾಡಿ. ಉಣ್ಣಿ ತರುವ ಇನ್ನೊಂದು ರೋಗ ಬೊರೆಲಿಯೋಸಿಸ್, ಅದನ್ನು ಈ ಲಸಿಕೆ ತಡೆಯುವುದಿಲ್ಲ. ಆ ಸೂಕ್ಷ್ಮಾಣು ದಾಟಲು ಸಾಮಾನ್ಯವಾಗಿ ಗಂಟೆಗಟ್ಟಲೆ ಬೇಕು, ಅದಕ್ಕೇ ಆ ರಾತ್ರಿಯೇ ನೋಡಬೇಕು. ಕಿವಿಯ ಹಿಂದೆ, ಕೂದಲಂಚು, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ. ಮರಿ ಉಣ್ಣಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಕಂಡರೆ ಸೀಮೆಎಣ್ಣೆ, ಸುಣ್ಣ, ಕೊಬ್ಬರಿಎಣ್ಣೆ ಯಾವುದನ್ನೂ ಹಚ್ಚಬೇಡಿ, ಉಸಿರುಗಟ್ಟಿದ ಉಣ್ಣಿ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೇ ಕಕ್ಕಬಹುದು. ಚೂಪು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ತಲೆ ಹಿಡಿದು, ಹೊಟ್ಟೆ ಒತ್ತದೆ, ನಿಧಾನವಾಗಿ ನೇರಕ್ಕೆ ಎಳೆಯಿರಿ. ಕಚ್ಚಿದ ಜಾಗಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, ಕ್ಯಾಲೆಂಡರಿನಲ್ಲಿ ತಾರೀಕು ಬರೆದಿಡಿ. ಮುಂದಿನ ನಾಲ್ಕು ವಾರದಲ್ಲಿ ಕೆಂಪು ಬಳೆಯಂತೆ ಹರಡಿದರೆ ಆ ತಾರೀಕನ್ನೇ ವೈದ್ಯರಿಗೆ ಹೇಳಿ.